ಕ್ಯೂಬೇ ಎಂದೂ ಸುಳ್ಳು ಹೇಳುವುದಿಲ್ಲ

(ಅನಿಮೆ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ಇವತ್ತು ಕಥೆಯನ್ನು ಪೂರ್ತಿ ಬಿಚ್ಚಿಡುತ್ತೇನೆ. ಯಾರು ಸಾಯುತ್ತಾರೆ, ಯಾಕೆ ಸಾಯುತ್ತಾರೆ, ಕೊನೆಗೆ ಏನಾಗುತ್ತದೆ, ಎಲ್ಲವೂ ಬರುತ್ತದೆ. ‘ಪುಯೆಲ್ಲಾ ಮಾಜಿ ಮದೋಕಾ ಮಾಜಿಕಾ’ ನೋಡಿಲ್ಲದವರು ಇದ್ದರೆ ಈಗಲೇ ಎದ್ದು ಹೋಗಬಹುದು, ನನಗೆ ಬೇಜಾರಿಲ್ಲ. 12 ಕಂತು ಅಷ್ಟೇ. ನೋಡಿಕೊಂಡು ಬನ್ನಿ, ಆಮೇಲೆ ಜಗಳ ಆಡೋಣ.

ಯಾರೂ ಏಳಲಿಲ್ಲ. ಸರಿ, ನಿಮ್ಮಿಷ್ಟ.

ಈ ಅನಿಮೆ ನೋಡಲು ಕೂತಾಗ ನನಗೆ ಅದರ ಮೇಲೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ‘ಮುದ್ದಾಗಿ ಕಾಣುತ್ತದೆ, ಆದರೆ ಭಯಂಕರ ಕ್ರೂರವಾಗಿದೆ’ ಎಂದು ಯಾರಾದರೂ ಹೊಗಳಿದರೆ ನನಗೆ ಅನುಮಾನ ಜಾಸ್ತಿ ಆಗುತ್ತದೆ. ಮಕ್ಕಳ ಕಥೆಗೆ ರಕ್ತ ಬಳಿದರೆ ದೊಡ್ಡವರ ಕಥೆ ಆಗಿಬಿಡುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದು ಸೋಮಾರಿತನ. ಆ ಅನುಮಾನ ನನಗೆ ಇವತ್ತಿಗೂ ಇದೆ. ಆದರೂ ಈ ಒಂದು ಕಥೆ ನನ್ನನ್ನು ಒಲಿಸಿಕೊಂಡಿತು. ಹೇಗೆ ಎಂಬುದೇ ಇವತ್ತಿನ ಮಾತು.

ಈ ಪ್ರಕಾರದ ಹಿನ್ನೆಲೆ ಚೂರು ಹೇಳಬೇಕು. ಮ್ಯಾಜಿಕಲ್ ಗರ್ಲ್ ಕಥೆಗಳು ಜಪಾನಿನ ಟಿವಿಗೆ ಬಂದದ್ದು 1966ರಲ್ಲಿ, ‘ಸ್ಯಾಲಿ ದ ವಿಚ್’ ಮೂಲಕ. ಅಲ್ಲಿಂದ 1992ರ ‘ಸೈಲರ್ ಮೂನ್’, 1998ರ ‘ಕಾರ್ಡ್‌ಕ್ಯಾಪ್ಟರ್ ಸಕುರಾ’, 2004ರ ‘ಪ್ರೆಟಿ ಕ್ಯೂರ್’, ಹೀಗೆ ಸಾಲು ಬೆಳೆಯುತ್ತಾ ಹೋಯಿತು. ಒಬ್ಬ ಸಾಮಾನ್ಯ ಹುಡುಗಿ, ಮಾತಾಡುವ ಒಂದು ಮುದ್ದು ಪ್ರಾಣಿ, ಥಳಥಳ ಹೊಳೆಯುವ ಆಭರಣ, ಬಟ್ಟೆ ಬದಲಾಗುವ ದೃಶ್ಯ, ಗೆಳತಿಯರ ಗುಂಪು. ಸಾವು ನೋವು ಈ ಪ್ರಕಾರಕ್ಕೆ ಹೊಸದೇನೂ ಅಲ್ಲ. 1982ರಲ್ಲಿ ಶುರುವಾದ ‘ಮಿಂಕಿ ಮೋಮೊ’ದಲ್ಲಿ ನಾಯಕಿ 46ನೇ ಕಂತಿನಲ್ಲಿ ಲಾರಿಗೆ ಸಿಕ್ಕಿ ಸಾಯುತ್ತಾಳೆ. ‘ಸೈಲರ್ ಮೂನ್’ ಮೊದಲ ಸರಣಿಯ ಕೊನೆಯಲ್ಲಿ ಗೆಳತಿಯರು ಒಬ್ಬೊಬ್ಬರಾಗಿ ಸಾಯುತ್ತಾರೆ, ಅದೂ ಮಕ್ಕಳು ಟಿವಿ ನೋಡುವ ಹೊತ್ತಿನಲ್ಲಿ. ಹಾಗಾಗಿ ‘ಮ್ಯಾಜಿಕಲ್ ಗರ್ಲ್ ಕಥೆಯನ್ನು ಮೊದಲ ಬಾರಿಗೆ ಗಂಭೀರ ಮಾಡಿದ್ದು ಮದೋಕಾ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮದೋಕಾ ಬಂದದ್ದು 2011ರ ಜನವರಿಯಲ್ಲಿ, ಮಧ್ಯರಾತ್ರಿ ಕಳೆದ ಮೇಲಿನ ಹೊತ್ತಿನಲ್ಲಿ. ಆ ಹೊತ್ತಿಗೆ ಪುಟ್ಟ ಮಕ್ಕಳು ಎದ್ದಿರುವುದಿಲ್ಲ. ಅಲ್ಲೇ ಒಂದು ಸುಳಿವು ಇತ್ತು. ಸ್ಟುಡಿಯೋ ಶಾಫ್ಟ್, ನಿರ್ದೇಶಕ ಅಕಿಯುಕಿ ಶಿನ್ಬೊ. 2004ರ ‘ಮ್ಯಾಜಿಕಲ್ ಗರ್ಲ್ ಲಿರಿಕಲ್ ನಾನೋಹಾ’ ನಿರ್ದೇಶಿಸಿದ್ದು ಇವರೇ, ಅಂದರೆ ಈ ಪ್ರಕಾರದ ಒಳಹೊರಗು ಬಲ್ಲವರು. ಪಾತ್ರಗಳ ರೂಪ ಉಮೆ ಆವೋಕಿ ಅವರದು. ಹಾಸ್ಟೆಲ್ ಹುಡುಗಿಯರ ದಿನಚರಿಯ ಬಗ್ಗೆ ಬೆಚ್ಚಗಿನ ಕಾಮಿಕ್ಸ್ ಬರೆದವರು. ಅವರು ಬರೆದ ದುಂಡು ಕೆನ್ನೆಯ ಮುಖಗಳನ್ನು ನೋಡಿದರೆ ಯಾರಿಗೂ ಭಯವಾಗುವುದಿಲ್ಲ. ಕಥೆ ಮಾತ್ರ ಗೆನ್ ಉರೊಬುಚಿ ಅವರದು. ಅವರ ಹಿಂದಿನ ಬರಹ ಓದಿದ್ದವರಿಗೆ ಆ ಹೆಸರು ಕೇಳಿದರೇ ಎದೆ ಧಸಕ್ ಅನ್ನಬೇಕು. ಪ್ರಚಾರದಲ್ಲಿ ಎದ್ದು ಕಂಡದ್ದು ಆ ದುಂಡು ಕೆನ್ನೆಗಳೇ. ಕಥೆಯ ಎಳೆ ಇಷ್ಟು: ಕ್ಯೂಬೇ ಎಂಬ ಪುಟ್ಟ ಪ್ರಾಣಿ ಹುಡುಗಿಯರ ಒಂದು ಆಸೆ ಈಡೇರಿಸುತ್ತದೆ, ಬದಲಿಗೆ ಅವರು ಮ್ಯಾಜಿಕಲ್ ಗರ್ಲ್ ಆಗಿ ಮಾಟಗಾತಿಯರ ಜೊತೆ ಹೋರಾಡಬೇಕು. ಒಪ್ಪಂದಕ್ಕೆ ಅದು ಕರೆಯುವವರಲ್ಲಿ ನಾಯಕಿ ಮದೋಕಾ ಎಂಬ ಶಾಲಾ ಹುಡುಗಿಯೂ ಒಬ್ಬಳು.

ಮೊದಲ ಎರಡು ಕಂತು ನೋಡುವಾಗ ನಾನು ಆಕಳಿಸಲಿಲ್ಲ, ಅದಕ್ಕೆ ಕಾರಣ ಮಾಟಗಾತಿಯರ ಚಕ್ರವ್ಯೂಹಗಳು. ಗೆಕಿದಾನ್ ಇನು ಕರಿ ಎಂಬ ಜೋಡಿ ಕಲಾವಿದರ ಕೆಲಸ ಅದು. ಹುಡುಗಿಯರು ನುಣುಪಾದ ಅನಿಮೆ ಗೆರೆಗಳಲ್ಲಿ ಇರುತ್ತಾರೆ. ಮಾಟಗಾತಿಯ ಲೋಕ ಶುರುವಾದ ತಕ್ಷಣ ಪರದೆ ತುಂಬಾ ಕತ್ತರಿಸಿದ ಕಾಗದ, ಬಟ್ಟೆ ಚೂರು, ಹಳೆಯ ಚಿತ್ರಗಳು, ಕತ್ತರಿ, ಮೀಸೆ ಹೊತ್ತ ಹತ್ತಿ ಉಂಡೆಗಳು. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಈ ಮಕ್ಕಳು ಬರಬಾರದ ಜಾಗಕ್ಕೆ ಬಂದಿದ್ದಾರೆ ಎಂದು ಕಥೆ ಬಾಯಿಬಿಟ್ಟು ಹೇಳುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ. ಆ ಲೋಕದ ಗೋಡೆಗಳ ಮೇಲೆ ವಿಚಿತ್ರ ಲಿಪಿ ಬೇರೆ. ನೋಡುಗರು ಕೂತು ಅದನ್ನು ಬಿಡಿಸಿದರು. ಮೊದಲ ಕಂತುಗಳಲ್ಲೇ ಗಯಟೆಯ ‘ಫೌಸ್ಟ್’ ನಾಟಕದ ಸಾಲುಗಳು ಸಿಕ್ಕವು. ಸೈತಾನನ ಜೊತೆ ಒಪ್ಪಂದ ಮಾಡಿಕೊಂಡವನ ಕಥೆ ಅದು. ಅಂದರೆ ಏನು ನಡೆಯಲಿದೆ ಎಂಬುದನ್ನು ಗೋಡೆ ಮೇಲೇ ಬರೆದಿಟ್ಟಿದ್ದರು!

ಇನ್ನು ಮೂರನೇ ಕಂತು. ಮಾಮಿ ಎಂಬ ಹಿರಿಯ ಹುಡುಗಿ, ಎಲ್ಲರಿಗೂ ಅಕ್ಕನಂತೆ ಇದ್ದವಳು. ಇನ್ನು ತಾನು ಒಂಟಿಯಲ್ಲ, ಇನ್ನು ತನಗೆ ಯಾವ ಭಯವೂ ಇಲ್ಲ ಎಂಬ ಖುಷಿಯಲ್ಲಿ ಕುಣಿಯುತ್ತಾ ಹೋರಾಡುತ್ತಾಳೆ. ಯೂಕಿ ಕಾಜಿಉರಾ ಅವರ ಸಂಗೀತವೂ ಅದೇ ಹುರುಪಿನಲ್ಲಿ ಇರುತ್ತದೆ. ಮರುಕ್ಷಣ ಅವಳ ತಲೆ ಇರುವುದಿಲ್ಲ. ಮದೋಕಾ ಬಗ್ಗೆ ಮಾತಾಡುವವರೆಲ್ಲ ಇಲ್ಲಿಗೇ ಬಂದು ನಿಲ್ಲುತ್ತಾರೆ. ನನಗೆ ಆಘಾತ ಆದದ್ದು ನಿಜ. ಆದರೆ ಆಘಾತ ಕೊಡುವುದು ಸುಲಭದ ಕೆಲಸ. ಆ ಕಂತು ಮುಗಿದಾಗಲೂ ನಾನು, ಸರಿ, ಇನ್ನು ವಾರಕ್ಕೊಬ್ಬರನ್ನು ಕೊಲ್ಲುತ್ತಾರೆ ಎಂದುಕೊಂಡೇ ಕೂತಿದ್ದೆ.

ನಾನು ಸೋತದ್ದು ಆರನೇ ಕಂತಿನಲ್ಲಿ.

ದೃಶ್ಯ ನೆನಪಿಸಿಕೊಳ್ಳಿ. ರಸ್ತೆಯ ಮೇಲಿನ ಸೇತುವೆ. ಒಪ್ಪಂದ ಮಾಡಿಕೊಂಡ ಮದೋಕಾಳ ಗೆಳತಿ ಸಯಾಕಾ ಮತ್ತು ಕ್ಯೋಕೊ ಎಂಬ ಇನ್ನೊಬ್ಬ ಮ್ಯಾಜಿಕಲ್ ಗರ್ಲ್ ಇನ್ನೇನು ಹೊಡೆದಾಡಬೇಕು. ಅದನ್ನು ತಪ್ಪಿಸಲು ಮದೋಕಾ ಗೆಳತಿಯ ಕೈಯಲ್ಲಿದ್ದ ಸೋಲ್ ಜೆಮ್, ಅಂದರೆ ಒಪ್ಪಂದದ ಜೊತೆ ಸಿಕ್ಕ ಮಾಯಾ ಹರಳನ್ನು, ಕಿತ್ತುಕೊಂಡು ಕೆಳಗೆ ಎಸೆಯುತ್ತಾಳೆ. ಅದು ಕೆಳಗೆ ಹೋಗುತ್ತಿದ್ದ ಲಾರಿಯ ಮೇಲೆ ಬಿದ್ದು ದೂರ ಸಾಗುತ್ತದೆ. ಸಯಾಕಾ ನಿಂತಲ್ಲೇ ಕುಸಿಯುತ್ತಾಳೆ. ಕ್ಯೋಕೊ ಮುಟ್ಟಿ ನೋಡಿದರೆ, ಹೆಣ. ಆಗ ಕ್ಯೂಬೇ, ಆ ಬಿಳಿ ಮುದ್ದು ಪ್ರಾಣಿ, ಶಾಂತವಾಗಿ ವಿವರಿಸುತ್ತದೆ. ನೀವು ದೇಹವನ್ನು ನಡೆಸಬಲ್ಲದ್ದು ಸುಮಾರು 100 ಮೀಟರ್ ಒಳಗೆ ಮಾತ್ರ. ನಿಮ್ಮ ಪ್ರಾಣ ಈಗ ಆ ಕಲ್ಲಿನಲ್ಲಿದೆ. ಇಷ್ಟು ನಾಜೂಕಾದ ದೇಹ ಇಟ್ಟುಕೊಂಡು ಮಾಟಗಾತಿಯರ ಜೊತೆ ಹೋರಾಡಿ ಎಂದು ಹೇಗೆ ಕೇಳುವುದು? ಅದಕ್ಕೇ ಪ್ರಾಣವನ್ನು ಹೊರಗೆ ತೆಗೆದು ಭದ್ರವಾಗಿ ಇಟ್ಟಿದ್ದೇನೆ. ಈಗ ಎಲುಬು ಮುರಿದರೂ ಸರಿಮಾಡಿಕೊಳ್ಳಬಹುದು. ನಿಮಗೇ ಲಾಭ ಅಲ್ವಾ?

ಹುಡುಗಿಯರು ಹೌಹಾರುತ್ತಾರೆ. ಕ್ಯೂಬೇಗೆ ಅದು ಅರ್ಥವೇ ಆಗುವುದಿಲ್ಲ. ಮನುಷ್ಯರು ಪ್ರಾಣ ಎಲ್ಲಿದೆ ಎಂಬ ಬಗ್ಗೆ ಯಾಕಿಷ್ಟು ತಲೆಕೆಡಿಸಿಕೊಳ್ಳುತ್ತಾರೆ ಎಂಬುದೇ ಅದಕ್ಕೆ ಸೋಜಿಗ.

ಆ ಕ್ಷಣ ನಾನು ಹಿಂದಕ್ಕೆ ಹೋಗಿ ಮೊದಲ ಕಂತುಗಳನ್ನು ಮತ್ತೆ ನೋಡಿದೆ. ಕ್ಯೂಬೇ ಎಲ್ಲಿಯಾದರೂ ಸುಳ್ಳು ಹೇಳಿದೆಯಾ? ಇಲ್ಲ. ಒಂದೂ ಇಲ್ಲ. ಒಂದು ಆಸೆ ಈಡೇರಿಸುತ್ತೇನೆ ಎಂದಿತು, ಈಡೇರಿಸಿತು. ಬದಲಿಗೆ ಮಾಟಗಾತಿಯರ ಜೊತೆ ಹೋರಾಡಬೇಕು ಎಂದಿತು, ಹೋರಾಟ ಕೊಟ್ಟಿತು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿತು. ಕೇಳದ್ದನ್ನು ಹೇಳಲಿಲ್ಲ. ಅದರ ಬಾಯಿ ಅಲುಗುವುದಿಲ್ಲ, ಮುಖ ಬದಲಾಗುವುದಿಲ್ಲ, ದನಿ ಏರುವುದಿಲ್ಲ. ಎಮಿರಿ ಕಾಟೊ ಅವರ ಆ ಸಿಹಿ ಕಂಠ ಕೊನೆಯವರೆಗೂ ಹಾಗೇ ಇರುತ್ತದೆ. ಕೆಟ್ಟವನೆಂದು ಗೊತ್ತಾದ ಮೇಲೆ ಮುಖವಾಡ ಕಳಚಿ ಗಹಗಹಿಸುವ ಖಳನಾಯಕರನ್ನು ಎಷ್ಟು ನೋಡಿಲ್ಲ ನಾವು? ಇಲ್ಲಿ ಕಳಚಲು ಮುಖವಾಡವೇ ಇಲ್ಲ.

ಈ ಕಥೆಯ ಕತ್ತಲೆ ಬರುವುದು ಲೆಕ್ಕದಿಂದ. ಇಲ್ಲಿ ಯಾವ ಹುಡುಗಿಯೂ ಸುಮ್ನೆ ಸಾಯುವುದಿಲ್ಲ. ಅವಳು ಕೇಳಿದ ಆಸೆಯನ್ನು ಕಥೆ ಅಕ್ಷರಶಃ ಓದುತ್ತದೆ, ಅದರ ಪೂರ್ತಿ ಬೆಲೆ ವಸೂಲಿ ಮಾಡುತ್ತದೆ.

ಸಯಾಕಾಳನ್ನೇ ನೋಡಿ. ಅವಳಿಗೆ ಕ್ಯೋಸುಕೆ ಎಂಬ ಹುಡುಗನ ಮೇಲೆ ಪ್ರೀತಿ. ಅವನು ಪಿಟೀಲು ನುಡಿಸುತ್ತಿದ್ದವನು, ಅಪಘಾತದಲ್ಲಿ ಕೈ ಹೋಗಿದೆ. ಅವನ ಕೈ ಸರಿಹೋಗಲಿ ಎಂದು ಕೇಳುತ್ತಾಳೆ. ಸರಿಹೋಗುತ್ತದೆ. ಆದರೆ ‘ಅವನು ನನ್ನನ್ನು ಪ್ರೀತಿಸಲಿ’ ಎಂದು ಅವಳು ಕೇಳಿಲ್ಲ. ಕೇಳುವುದು ಅವಳ ಸ್ವಾಭಿಮಾನಕ್ಕೆ ಒಪ್ಪದ ವಿಷಯ. ಮನಸ್ಸಿನ ಮೂಲೆಯಲ್ಲಿ ಮಾತ್ರ ಆ ನಿರೀಕ್ಷೆ ಇದ್ದೇ ಇತ್ತು. ಆಮೇಲೆ ಗೆಳತಿ ಹಿತೋಮಿ ಬಂದು ತನಗೂ ಕ್ಯೋಸುಕೆ ಮೇಲೆ ಪ್ರೀತಿ ಇದೆ ಎನ್ನುತ್ತಾಳೆ. ಈ ಹಿತೋಮಿಯನ್ನು ಮಾಟಗಾತಿಯ ಕೈಯಿಂದ ಉಳಿಸಿದ್ದೇ ಸಯಾಕಾ. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳನ್ನು ಉಳಿಸಬಾರದಿತ್ತು ಎಂದು ಸಯಾಕಾಗೆ ಅನಿಸಿಬಿಡುತ್ತದೆ. ಹತಾಶೆಗೆ ಬಿದ್ದ ಮ್ಯಾಜಿಕಲ್ ಗರ್ಲ್ ಕೊನೆಗೆ ತಾನೇ ಮಾಟಗಾತಿಯಾಗುತ್ತಾಳೆ, ಇದು ಈ ಕಥೆಯ ಗುಟ್ಟು. ಎಂಟನೇ ಕಂತಿನ ಕೊನೆಯಲ್ಲಿ ಅವಳು ಮಾಟಗಾತಿ ಆಗಿಹೋಗುತ್ತಾಳೆ. ಅವಳನ್ನು ಕೊಂದದ್ದು ಯಾವ ರಾಕ್ಷಸನೂ ಅಲ್ಲ, ಆ ಒಂದು ಯೋಚನೆ. ತಾನು ಒಳ್ಳೆಯವಳು ಎಂದು ನಂಬಿ ಬದುಕಿದವಳಿಗೆ ಅಂಥ ಯೋಚನೆ ಬಂದದ್ದೇ ತಡೆದುಕೊಳ್ಳಲು ಆಗಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಯ ಮನಸ್ಸನ್ನು ಇಷ್ಟು ಚೆನ್ನಾಗಿ ಓದಿದ ಬರವಣಿಗೆ ಈ ಪ್ರಕಾರದಲ್ಲಿ ಕಡಿಮೆ.

ಕ್ಯೋಕೊಳದ್ದೂ ಹೀಗೇ. ಅವಳ ಅಪ್ಪ ಧರ್ಮ ಬೋಧಕ. ಅವರ ಮಾತು ಯಾರೂ ಕೇಳುತ್ತಿಲ್ಲ, ಮನೆಯಲ್ಲಿ ಹಸಿವು. ಜನ ಅಪ್ಪನ ಮಾತು ಕೇಳಲಿ ಎಂದು ಅವಳು ಬೇಡುತ್ತಾಳೆ. ಜನ ಸಾಲುಗಟ್ಟಿ ಬರುತ್ತಾರೆ. ಅವರು ಬಂದದ್ದು ನಂಬಿಕೆಯಿಂದಲ್ಲ, ಮಗಳ ಮಾಟದಿಂದ ಎಂದು ಗೊತ್ತಾದ ದಿನ ಆ ಅಪ್ಪ ಮುರಿದುಹೋಗುತ್ತಾನೆ. ಅವಳೊಬ್ಬಳನ್ನು ಬಿಟ್ಟು ಇಡೀ ಮನೆಯವರನ್ನು ಕೊಂದು ತಾನೂ ಸಾಯುತ್ತಾನೆ. ಮಾಮಿಗಂತೂ ಯೋಚಿಸಲು ಸಮಯವೇ ಇರಲಿಲ್ಲ. ಕಾರು ಅಪಘಾತದಲ್ಲಿ ಸಾಯುವ ಸ್ಥಿತಿಯಲ್ಲಿ, ಬದುಕಬೇಕು ಎಂದಷ್ಟೇ ಕೇಳಿದಳು. ಅದಕ್ಕೆ ಒಪ್ಪಂದ ಎಂದು ಹೆಸರಿಡುವುದೇ ಅನ್ಯಾಯ.

ವರ ಬೇಡುವ ಕಥೆಗಳಲ್ಲಿ ಬೆಳೆದವರಲ್ವಾ ನಾವು? ಹಿರಣ್ಯಕಶಿಪು ಎಷ್ಟು ಜಾಣತನದಿಂದ ಕೇಳಿದ್ದ. ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ. ಆದರೂ ಮುಸ್ಸಂಜೆ ಉಳಿಯಿತು, ಹೊಸ್ತಿಲು ಉಳಿಯಿತು. ವರ ಎಂದರೆ ಅದರಲ್ಲೊಂದು ತೂತು ಇದ್ದೇ ಇರುತ್ತದೆ ಎಂಬುದು ನಮಗೆ ಚಿಕ್ಕಂದಿನಿಂದ ಗೊತ್ತು. ಈ ಕಥೆ ಮನಸ್ಸಿಗೆ ಹತ್ತಿರ ಆದದ್ದು ಅದಕ್ಕೂ ಇರಬಹುದು. ವ್ಯತ್ಯಾಸ ಏನೆಂದರೆ, ಅಲ್ಲಿ ಬೇಡಿದವನು ದುಷ್ಟ, ಮೋಸಹೋದರೆ ನಮಗೆ ಸಂತೋಷ. ಇಲ್ಲಿ ಬೇಡಿದವರು ಮಕ್ಕಳು.

ಇಷ್ಟೆಲ್ಲ ಯಾಕೆ ಮಾಡುತ್ತದೆ ಕ್ಯೂಬೇ? ಒಂಬತ್ತನೇ ಕಂತಿನಲ್ಲಿ ಅದನ್ನೂ ಹೇಳುತ್ತದೆ. ವಿಶ್ವದ ಶಕ್ತಿ ಕರಗುತ್ತಾ ಇದೆ. ಒಂದು ಮರ ಬೆಳೆಸಲು ಹಾಕಿದ ಶಕ್ತಿ ಆ ಮರ ಸುಟ್ಟಾಗ ಪೂರ್ತಿ ವಾಪಸ್ ಬರುವುದಿಲ್ಲ. ಭಾವನೆಗಳಿಂದ ಬರುವ ಶಕ್ತಿಗೆ ಮಾತ್ರ ಈ ಮಿತಿ ಇಲ್ಲ. ಬೆಳೆಯುತ್ತಿರುವ ಹುಡುಗಿಯ ಆಸೆ ಹತಾಶೆಯಾಗಿ ತಿರುಗುವ ಕ್ಷಣದಲ್ಲಿ ಅದು ಅತಿ ಹೆಚ್ಚು. ಕ್ಯೂಬೇಯ ಜನರಿಗೆ ಭಾವನೆಗಳಿಲ್ಲ, ಅದಕ್ಕೇ ಇಲ್ಲಿಗೆ ಬಂದಿದ್ದಾರೆ. ವಿಶ್ವವೇ ಉಳಿಯುತ್ತದೆ ಎಂದರೆ ಕೆಲವು ಹುಡುಗಿಯರು ಹೋದರೆ ಏನಂತೆ? ಎಷ್ಟು ಸಲ ಯೋಚಿಸಿದರೂ ಈ ವಾದಕ್ಕೆ ತಟ್ಟನೆ ಉತ್ತರ ಹೊಳೆಯುವುದಿಲ್ಲ, ಅದೇ ಕಿರಿಕಿರಿ.

ಇಲ್ಲಿ ಒಂದು ಅಡ್ಡಮಾತು. ಹುಡುಗಿಯರೇ ಯಾಕೆ ಎಂಬ ಪ್ರಶ್ನೆಗೆ ಕ್ಯೂಬೇ ಕೊಡುವ ಕಾರಣ ನನಗೆ ಸಾಲದು. ಹದಿಹರೆಯದ ಹುಡುಗಿ ಎಂದರೆ ಭಾವನೆಗಳ ಮೂಟೆ ಎಂಬ ಹಳೆಯ ಮಾತನ್ನೇ ಅದು ವಿಜ್ಞಾನದ ದನಿಯಲ್ಲಿ ಹೇಳುತ್ತದೆ. ಆದರೆ ಇನ್ನೊಂದು ಕಡೆಯಿಂದ ನೋಡಿದರೆ ಮಜಾ ಇದೆ. ದೊಡ್ಡವರಿಗಾಗಿ ಮಧ್ಯರಾತ್ರಿ ಪ್ರಸಾರವಾಗುವ ಒಂದು ಅನಿಮೆ, ಹುಡುಗಿಯರ ಕಣ್ಣೀರಿನಿಂದ ಶಕ್ತಿ ಪಡೆಯುವವರ ಕಥೆ ಹೇಳುತ್ತಿದೆ. ಸೋಫಾದಲ್ಲಿ ಕೂತು ಅವರ ಸಂಕಟ ನೋಡಿ ‘ಆಹಾ, ಎಂಥ ಕಂತು’ ಅನ್ನುವ ನಾವು ಕ್ಯೂಬೇಗಿಂತ ಎಷ್ಟು ದೂರ? ಉರೊಬುಚಿ ಇದನ್ನು ಉದ್ದೇಶಪಟ್ಟು ಬರೆದರೋ ಇಲ್ಲವೋ, ನನಗಂತೂ ಚುಚ್ಚಿತು.

ಹತ್ತನೇ ಕಂತಿಗೆ ಬರೋಣ. ಹೊಮುರಾ ಕಂತು. ಮದೋಕಾ ಒಪ್ಪಂದ ಮಾಡಿಕೊಳ್ಳದಂತೆ ಮೊದಲಿಂದಲೂ ತಡೆಯುತ್ತಿದ್ದ ಮ್ಯಾಜಿಕಲ್ ಗರ್ಲ್ ಇವಳು. ಇಷ್ಟು ಹೊತ್ತು ಕಲ್ಲಿನಂತಿದ್ದ ಆ ಹುಡುಗಿ ಮೊದಲು ಹೇಗಿದ್ದಳು? ಎರಡು ಜಡೆ, ಕನ್ನಡಕ, ಹೃದಯದ ಕಾಯಿಲೆ, ಮಾತಾಡಲು ಭಯ. ಅವಳನ್ನು ಉಳಿಸಿ ಮದೋಕಾ ವಾಲ್ಪುರ್ಗಿಸ್ ನಾಖ್ಟ್ ಎಂಬ ಮಹಾ ಮಾಟಗಾತಿಯ ಎದುರು ಸಾಯುತ್ತಾಳೆ. ಹೊಮುರಾ ಕೇಳುವ ಆಸೆ: ಮದೋಕಾಳನ್ನು ಭೇಟಿಯಾದ ಗಳಿಗೆ ಮತ್ತೆ ಬರಲಿ, ಈ ಸಲ ಕಾಯುವವಳು ನಾನಾಗಿರಲಿ. ಸುಮಾರು ಒಂದು ತಿಂಗಳು, ಮತ್ತೆ ಮತ್ತೆ. ಪ್ರತಿ ಸಲ ಸೋಲು. ಒಂದು ಸಲವಂತೂ ಸಾಯುತ್ತಿರುವ ಮದೋಕಾಳ ಸೋಲ್ ಜೆಮ್‌ಗೆ, ಅವಳೇ ಕೇಳಿಕೊಂಡಳು ಎಂದು, ಹೊಮುರಾ ತನ್ನ ಕೈಯಾರೆ ಗುಂಡು ಹೊಡೆಯುತ್ತಾಳೆ. ಕಂತಿನ ಕೊನೆಗೆ, ಶುರುವಿನಲ್ಲಿ ಬರಬೇಕಿದ್ದ ‘ಕನೆಕ್ಟ್’ ಹಾಡು ಬರುತ್ತದೆ. ಒಂಬತ್ತು ವಾರ ಮದೋಕಾಳ ಹಾಡು ಎಂದುಕೊಂಡು ಕೇಳಿದ್ದೆವು. ಅದು ಹೊಮುರಾಳ ಹಾಡು. ಸಾಹಿತ್ಯದ ಒಂದೊಂದು ಸಾಲೂ ಅವಳದೇ. ಇದನ್ನು ನೋಡಿ ಅಳದವರನ್ನು ಕಂಡರೆ ನನಗೆ ಸ್ವಲ್ಪ ಭಯ.

ಲೆಕ್ಕ ಇಲ್ಲೂ ಬಿಡುವುದಿಲ್ಲ. ಹೊಮುರಾ ಕಾಲವನ್ನು ಹಿಂದಕ್ಕೆ ತಿರುಗಿಸಿದಷ್ಟೂ ಎಲ್ಲ ಕಾಲಗಳ ಕಾರ್ಯಕಾರಣದ ಎಳೆಗಳು ಮದೋಕಾಳ ಸುತ್ತ ಸುತ್ತಿಕೊಂಡವು. ಅದಕ್ಕೇ ಆ ಸಾಮಾನ್ಯ ಹುಡುಗಿಯಲ್ಲಿ ಅಷ್ಟು ಅಗಾಧ ಶಕ್ತಿ. ಅಂದರೆ ಉಳಿಸಲು ಹೋದವಳೇ ಕ್ಯೂಬೇಗೆ ಅವಳನ್ನು ಇನ್ನಷ್ಟು ಬೆಲೆಬಾಳುವ ಬೇಟೆ ಮಾಡಿಕೊಟ್ಟಳು. ಹನ್ನೊಂದನೇ ಕಂತಿನಲ್ಲಿ ಕ್ಯೂಬೇ ಇದನ್ನು ಹೊಮುರಾಗೆ ಹೇಳುವಾಗ ಅದರಲ್ಲಿ ವ್ಯಂಗ್ಯ ಕೂಡ ಇಲ್ಲ.

ಆ ಹನ್ನೊಂದನೇ ಕಂತು ಜಪಾನಿನ ಜನಕ್ಕೆ ಸಮಯಕ್ಕೆ ಸರಿಯಾಗಿ ಸಿಗಲಿಲ್ಲ. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ. ಪ್ರಸಾರ ನಿಂತಿತು. ಕೊನೆಯ ಎರಡು ಕಂತು ಏಪ್ರಿಲ್ ಮೂರನೇ ವಾರ ದಾಟಿದ ಮೇಲೆ ಒಟ್ಟಿಗೆ ಬಂದವು. ಆ ಕಂತಿನಲ್ಲಿ ಏನಿದೆ ಗೊತ್ತಲ್ಲ? ನಗರಕ್ಕೆ ಮಹಾ ಬಿರುಗಾಳಿ ಅಪ್ಪಳಿಸುತ್ತದೆ ಎಂದು ಜನರನ್ನೆಲ್ಲ ಆಶ್ರಯ ಕೇಂದ್ರಕ್ಕೆ ಸೇರಿಸಿದ್ದಾರೆ, ಕುಟುಂಬಗಳು ನೆಲದ ಮೇಲೆ ಹಾಸಿಕೊಂಡು ಕೂತಿವೆ. ಅದನ್ನು ಆ ಏಪ್ರಿಲ್‌ನಲ್ಲಿ ನೋಡಿದವರಿಗೆ ಹೇಗಾಗಿರಬಹುದು! ಆ ಆಶ್ರಯ ಕೇಂದ್ರದಲ್ಲೇ ಮದೋಕಾ ತನ್ನ ಅಮ್ಮನ ಎದುರು ನಿಲ್ಲುತ್ತಾಳೆ. ಹೋಗಲೇಬೇಕು ಅನ್ನುತ್ತಾಳೆ. ಜುಂಕೊ, ಆಫೀಸಿನಲ್ಲಿ ದುಡಿದು ಮನೆ ನಡೆಸುವ ಗಟ್ಟಿ ಹೆಂಗಸು, ಮೊದಲು ಮಗಳ ಕೆನ್ನೆಗೆ ಹೊಡೆಯುತ್ತಾಳೆ. ಆಮೇಲೆ ಯಾರ ಮಾತಿಗಾದರೂ ಮರುಳಾಗಿ ಹೋಗುತ್ತಿಲ್ಲ ತಾನೇ ಎಂದು ಕೇಳಿ, ಬೆನ್ನು ತಟ್ಟಿ ಕಳಿಸುತ್ತಾಳೆ. ಇಡೀ ಕಥೆಯಲ್ಲಿ ಒಬ್ಬ ದೊಡ್ಡವರು ಕೇಳಬೇಕಾದ ಪ್ರಶ್ನೆ ಕೇಳಿದ್ದು ಇದೊಂದೇ ಸಲ.

ಮದೋಕಾ ಬಗ್ಗೆ ಒಂದು ದೂರು ಸದಾ ಕೇಳಿಬರುತ್ತದೆ. ನಾಯಕಿ ಎನ್ನುತ್ತೀರಿ, ಹನ್ನೊಂದು ಕಂತು ಅವಳು ಮಾಡಿದ್ದೇನು? ಅಳುವುದು, ನೋಡುವುದು, ಹಿಂಜರಿಯುವುದು. ನಿಜ. ಆದರೆ ಆ ಹೊತ್ತಿಗೆ ಅವಳಷ್ಟು ತಿಳಿದವರು ಬೇರೆ ಯಾರೂ ಇಲ್ಲ. ಮಾಮಿ ಸತ್ತದ್ದನ್ನು ಕಂಡಳು. ಪ್ರಾಣ ಕಲ್ಲಿನಲ್ಲಿರುವುದು ತಿಳಿಯಿತು. ಸಯಾಕಾ ಏನಾದಳು, ಶಕ್ತಿ ಎಲ್ಲಿಗೆ ಹೋಗುತ್ತದೆ, ಹೊಮುರಾ ಯಾರು, ಎಲ್ಲ ತಿಳಿಯಿತು. ಉಳಿದವರೆಲ್ಲ ಸಹಿ ಹಾಕಿದ ಮೇಲೆ ಷರತ್ತು ಓದಿದರು. ಓದಿ ಮುಗಿಸಿ ಸಹಿ ಹಾಕಿದವಳು ಇವಳೊಬ್ಬಳೇ. ಅದಕ್ಕೇ ಅವಳ ಆಸೆಯಲ್ಲಿ ಒಂದು ಪದವೂ ಹೆಚ್ಚಿಲ್ಲ: ಹಿಂದೆ ಇದ್ದ, ಈಗ ಇರುವ, ಮುಂದೆ ಬರುವ ಎಲ್ಲ ಮಾಟಗಾತಿಯರನ್ನೂ ಹುಟ್ಟುವ ಮೊದಲೇ, ನನ್ನ ಕೈಯಾರೆ ಅಳಿಸಬೇಕು. ‘ಎಲ್ಲ’ ಎಂದರೆ ಅದರಲ್ಲಿ ತಾನು ಆಗಬೇಕಾದ ಮಾಟಗಾತಿಯೂ ಸೇರಿತು. ಒಪ್ಪಂದ ಒಪ್ಪಂದವೇ, ಕ್ಯೂಬೇ ಈಡೇರಿಸಲೇಬೇಕು. ಅದು ದಂಗಾಗುತ್ತದೆ.

ಬೆಲೆ ಇಲ್ಲೂ ಇದೆ. ಮದೋಕಾ ಎಂಬ ಹುಡುಗಿ ಹುಟ್ಟೇ ಇರಲಿಲ್ಲ ಎಂಬಂತಾಗುತ್ತದೆ. ಅಮ್ಮನಿಗೆ ನೆನಪಿಲ್ಲ. ಪುಟ್ಟ ತಮ್ಮ ಮಣ್ಣಿನಲ್ಲಿ ಅವಳ ಚಿತ್ರ ಗೀಚುತ್ತಾನೆ, ಹೊಮುರಾಗೆ ಪೂರ್ತಿ ನೆನಪಿದೆ, ಅಷ್ಟೇ. ಹುಡುಗಿಯರು ಹೋರಾಡುತ್ತಲೇ ಇರುತ್ತಾರೆ, ಸಾಯುತ್ತಲೂ ಇರುತ್ತಾರೆ. ಮಾಟಗಾತಿಯಾಗಿ ಸಾಯುವುದಿಲ್ಲ ಅಷ್ಟೇ. ಅವರ ಆಸೆಗಳು ತಪ್ಪು ಎಂದು ಕಥೆ ಎಲ್ಲೂ ಹೇಳುವುದಿಲ್ಲ. ಕ್ಯೋಸುಕೆಯ ಪಿಟೀಲು ಕೇಳುತ್ತಾ ಸಯಾಕಾ ಹೋಗುತ್ತಾಳಲ್ಲ, ಅಲ್ಲಿ ಅವಳ ಆಸೆಗೆ ಸಿಗಬೇಕಾದ ಗೌರವ ಸಿಗುತ್ತದೆ. ಮ್ಯಾಜಿಕಲ್ ಗರ್ಲ್ ಕಥೆಗಳನ್ನು ಗೇಲಿ ಮಾಡಲು ಬಂದವರು ಇಂಥ ದೃಶ್ಯ ಬರೆಯುವುದಿಲ್ಲ.

ಆಮೇಲೆ ಬಂದ ಹಿಂಬಾಲಕರಲ್ಲಿ ನನಗೆ ಕಾಣದಿರುವುದು ಇದೇ. ಮದೋಕಾಗೆ ಜಪಾನ್ ಮೀಡಿಯಾ ಆರ್ಟ್ಸ್ ಉತ್ಸವದ ಅನಿಮೇಶನ್ ವಿಭಾಗದ ಮಹಾಪ್ರಶಸ್ತಿ ಬಂತು, ಜನಪ್ರಿಯತೆ ಬಂತು, ನಂತರ ಕತ್ತಲೆಯ ಮ್ಯಾಜಿಕಲ್ ಗರ್ಲ್ ಕಥೆಗಳು ಸಾಲುಸಾಲಾಗಿ ಬಂದವು. 2014ರ ‘ಯೂಕಿ ಯೂನಾ’ ಪರವಾಗಿಲ್ಲ, ಅದಕ್ಕೆ ಅದರದೇ ಲೆಕ್ಕ ಇದೆ. 2018ರ ‘ಮ್ಯಾಜಿಕಲ್ ಗರ್ಲ್ ಸೈಟ್’ ಮಾತ್ರ ನನ್ನಿಂದ ಪೂರ್ತಿ ನೋಡಲು ಆಗಲಿಲ್ಲ. ಅಲ್ಲಿ ಸಂಕಟ ಮೊದಲ ನಿಮಿಷದಿಂದಲೇ ಇದೆ, ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ.

ಮದೋಕಾದಲ್ಲೂ ಕೊರತೆಗಳಿವೆ. ಕ್ಯೋಸುಕೆ ಮನುಷ್ಯನಂತೆ ಕಾಣುವುದೇ ಇಲ್ಲ, ಒಂದು ಕೈ ಮತ್ತು ಒಂದು ಪಿಟೀಲು ಅಷ್ಟೇ. ಹಿತೋಮಿಯ ಪ್ರೀತಿ ಕಥೆಗೆ ಬೇಕೆಂದಾಗ ದಿಢೀರನೆ ಹಾಜರಾಗುತ್ತದೆ. ಕ್ಯೂಬೇಯ ಶಕ್ತಿ ಸಿದ್ಧಾಂತ ಭೌತಶಾಸ್ತ್ರ ಓದಿದವರಿಗೆ ನಗು ತರಿಸಬಹುದು. ಇರಲಿ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು 2013ರ ‘ರೆಬೆಲಿಯನ್’ ಸಿನಿಮಾ ಬಗ್ಗೆ ಕೇಳಿದರು. ಮದೋಕಾ ಕಟ್ಟಿದ ವ್ಯವಸ್ಥೆಯನ್ನು ಅಲ್ಲಿ ಹೊಮುರಾ ಒಡೆಯುತ್ತಾಳೆ, ಅದು ಸರಿಯೇ ಎಂದು. ನಾನು ಹೊಮುರಾಳ ಪರ. ಮದೋಕಾ ಜಗತ್ತಿನ ಹುಡುಗಿಯರಿಗೆಲ್ಲ ಒಳ್ಳೆಯದನ್ನು ಕೇಳಿದಳು, ಆದರೆ ಹೊಮುರಾ ಕೇಳಿದ್ದು ಮದೋಕಾ ಒಬ್ಬಳನ್ನು. ಆ ಆಸೆ ಹನ್ನೆರಡನೇ ಕಂತಿನಲ್ಲಿ ಈಡೇರಿರಲಿಲ್ಲ, ಬಾಕಿ ಹಾಗೇ ಉಳಿದಿತ್ತು. ನನ್ನ ಪಕ್ಕ ಕೂತಿದ್ದವರು ಇದನ್ನು ಒಪ್ಪಲೇ ಇಲ್ಲ. ಅದು ಪ್ರೀತಿಯಲ್ಲ, ಹಠ ಎಂದರು. ಸಮಯ ಮೀರಿದ್ದರಿಂದ ಆ ವಾದವನ್ನು ಸಭೆಯ ಹೊರಗೆ ಮುಂದುವರಿಸಿದೆವು.